ಹೆಪ್ಪು ಕೇಳುವ ಕೆಲಸ

ಮನೆಯ ಮೊಸರನ್ನೆಲ್ಲ ಬಳಿದು ಬಡಿಸಿ, ಹೆಪ್ಪಿಗೆಂದು ಒಂದು ಚಮಚವನ್ನೂ ಉಳಿಸಿಕೊಳ್ಳದ ಹೆಂಗಸಿಗೆ ನೆರೆಮನೆಯ ಬಾಗಿಲೇ ಗತಿ ಎಂಬುದು ನಿಮಗೂ ಗೊತ್ತು. ಆದರೆ ಸಂಪಾಜೆ ಕಡೆಯ ಹೆಂಗಸರಾದ ನಾವು ಮನೆಯಲ್ಲಿ ಗಡಿಗೆ ತುಂಬ ಮೊಸರಿಟ್ಟುಕೊಂಡೂ ಲೋಟ ಹಿಡಿದು ಹೆಪ್ಪು ಕೇಳಲು ಹೋಗುತ್ತಿದ್ದೆವು. ಸುಳ್ಳು ಅನ್ನಿ, ಬೇಡವೆನ್ನುವುದಿಲ್ಲ. ನಮ್ಮ ಮಹಿಳಾ ಸಂಘದ ಮುಖ್ಯ ಕೆಲಸವೇ ಆ ಸುಳ್ಳಾಗಿತ್ತು.

ಸಾವೋ ನೋವೋ ಬಂದು ಮನಸ್ಸು ಕುಸಿದು ಚಾಪೆ ಹಿಡಿದವಳ ಮುಂದೆ ಕೂತು ವೇದಾಂತ ಹೇಳಿದರೆ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ, ಅಷ್ಟೇ. ನಾಳೆಯೂ ಯಾರೋ ಹೆಪ್ಪಿಗೆ ಬರುತ್ತಾರೆಂದರೆ ಮಾತ್ರ ಎದ್ದು ಒಲೆ ಹೊತ್ತಿಸಿ ಹಾಲು ಕಾಯಿಸಲೇಬೇಕು. ಒಲೆ ಹೊತ್ತಿದ ಮೇಲೆ ಕಾಫಿ, ಕಾಫಿ ಆದ ಮೇಲೆ ಬಂದವಳೊಡನೆ ನಾಲ್ಕು ಮಾತು. ಇದನ್ನು ನಮಗೆಲ್ಲ ಕಲಿಸಿದವರು ಸಂಘದ ಹಿರಿಯರಾದ ದೇವಕ್ಕ. ಕೇಳಿದರೆ, "ನಮ್ಮ ಅಜ್ಜಿಯಂದಿರು ಮಾಡ್ತಿದ್ದದ್ದೇ, ನಂದೆಂತ ಉಂಟು ಇದ್ರಲ್ಲಿ?" ಅನ್ನುತ್ತಿದ್ದರು.

ಕೊಡಗು ಮೈಸೂರಿಗೆ ಸೇರಿದ ಹೊಸತು. ಸರ್ಕಾರದ ಕಡೆಯಿಂದ ಒಬ್ಬ ಅಮ್ಮ ಬಂದು, ಸಂಘದಿಂದ ಏನು ಕೆಲಸವಾಗಿದೆ, ಬರುವ ವರ್ಷಕ್ಕೆ ಯೋಜನೆಯೇನು, ಮುಂದಿನ ವಾರ ಹೇಳಿ ಎಂದು ಹೋದರು. ಅಯ್ಯೋ ದೇವರೇ! ಏಲಕ್ಕಿಯನ್ನಾದರೆ ತೂಗಬಹುದು, ಎದ್ದು ಕೂತ ಮನಸ್ಸನ್ನು ಯಾವ ತಕ್ಕಡಿಗೆ ಹಾಕುವುದು? ಶಾಲೆಯ ಜಗಲಿಯಲ್ಲಿ ಸೇರಿ, ನಾನು ಇಂಥವಳನ್ನು ಎಬ್ಬಿಸಿದೆ, ನೀನು ಇಂಥವಳನ್ನು ನಗಿಸಿದೆ ಎಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು. ದೇವಕ್ಕ ಅಂದು ಬಂದಿರಲಿಲ್ಲ. ನಮ್ಮ ಪಕ್ಕದ ಮನೆಯ ಚಿನ್ನಮ್ಮ, ನಾಲಿಗೆಗೆ ಬೀಗವಿಲ್ಲದವಳು, ಕೇಳಿಯೇಬಿಟ್ಟಳು: "ಅದೆಲ್ಲ ಸರಿ. ದೇವಕ್ಕನ ಮನೆಗೆ ಹೆಪ್ಪಿಗೆ ಯಾರು ಹೋಗಿದ್ದೀರಿ?"

ಒಬ್ಬರೂ ಹೋಗಿರಲಿಲ್ಲ. ಒಂದೇ ಮನೆಯಲ್ಲಿ ಜೊತೆಗೆ ಬಾಳಿದ ತಂಗಿ ಆ ವರ್ಷ ತೀರಿಕೊಂಡಿದ್ದರೂ ದೇವಕ್ಕ ಎಂದಿನಂತೆ ಊರವರ ಕಣ್ಣೊರೆಸುತ್ತ ಓಡಾಡಿಕೊಂಡಿದ್ದರು. ನಡೆದಾಡುವವರಿಗೆ ನೋವಿಲ್ಲವೆಂದೇ ನಾವು ತಿಳಿದಿದ್ದೆವು. ಮರುದಿನ ಬೆಳಿಗ್ಗೆ ನಾನೂ ಚಿನ್ನಮ್ಮನೂ ಲೋಟ ಹಿಡಿದು ಅವರ ಬಾಗಿಲಿಗೆ ಹೋದೆವು.

"ಮೊಸರಿಲ್ಲ. ಒಬ್ಬಳಿಗೆಂತ ಮೊಸರು? ಹಾಲೆಲ್ಲ ಹೋಟೆಲಿಗೆ ಕೊಡ್ತಿದ್ದೇನೆ," ಎಂದವರು ನಮ್ಮ ಲೋಟಗಳನ್ನು ನೋಡಿದರು. "ಹೌದಾ! ನಾನು ಕಲಿಸಿದ ಆಟ ನನ್ನ ಹತ್ರವೇ ಆಡ್ಲಿಕ್ಕೆ ಬಂದದ್ದಾ?"

ನನಗೆ ನಾಚಿಕೆಯಾಯಿತು. ಗುಟ್ಟು ಗೊತ್ತಿದ್ದವರಿಗೆ ಆ ಮದ್ದು ತಾಗುತ್ತದೆಯೇ? ಚಿನ್ನಮ್ಮ ಮಾತ್ರ ಜಗ್ಗಲಿಲ್ಲ. ಮನೆಗೆ ಓಡಿ, ತನ್ನ ಮೊಸರನ್ನೇ ತಂದು ಅವರ ಕೈಗಿಟ್ಟಳು: "ಆಟವೇ ದೇವಕ್ಕ. ಇವತ್ತು ಹೆಪ್ಪು ಹಾಕಿ, ನಾಳೆ ನಮಗೆ ವಾಪಸ್ ಕೊಡಿ."

ದೇವಕ್ಕ ಬೈಯುತ್ತಾರೆಂದುಕೊಂಡಿದ್ದೆ. ಅವರು ಲೋಟ ಹಿಡಿದುಕೊಂಡು ಹೊಸ್ತಿಲಲ್ಲೇ ಕೂತು, ತಂಗಿಯ ಹೆಸರು ಕರೆದು ಕರೆದು ಅತ್ತರು. ನಾವೂ ಅತ್ತೆವು. ಆಮೇಲೆ ಚಿನ್ನಮ್ಮ ಒಲೆ ಹೊತ್ತಿಸಿದಳು, ಬೆಲ್ಲದ ಕಾಫಿ ಕುಡಿದೆವು.

ಸರ್ಕಾರದ ಅಮ್ಮ ಬರುವ ಹೊತ್ತಿಗೆ ನಾವು ದಿನವೂ ಆ ಮನೆಗೆ ಹೋಗಿಬರುವುದು ರೂಢಿಯಾಗಿತ್ತು. ದೇವಕ್ಕನ ಮೊಸರು ಬಲು ಸೊಗಸಾಗಿತ್ತು, ಹೊಟ್ಟೆಕಿಚ್ಚುಪಡುವಷ್ಟು. ಸರ್ಕಾರದ ಅಮ್ಮ ಮುಗುಳ್ನಗುತ್ತ, ಈ ಸಂಘದಿಂದ ಯಾರಿಗೆ ಉಪಕಾರವಾಗಿದೆ ಹೇಳಿ ಎಂದರು. ಎಂದಿನಂತೆ ನಮ್ಮೆಲ್ಲರ ಪರವಾಗಿ ಮಾತಾಡಲು ದೇವಕ್ಕ ಎದ್ದು ನಿಂತರು. ಊರಿನ ಅಷ್ಟೂ ಹೆಂಗಸರ ಹೆಸರು ಅವರ ನಾಲಿಗೆಯ ತುದಿಯಲ್ಲಿತ್ತು. ಸೆರಗನ್ನು ಹೆಗಲಿಗೆ ಎಳೆದುಕೊಂಡು, ನಮ್ಮ ಕಡೆಗೊಮ್ಮೆ ನೋಡಿ ಹೇಳಿದರು:

"ನನಗೆ."