ಹುಬ್ಬು, ಹುಳು ಮತ್ತು ಕೈಗೂಸು

ಮೊನ್ನೆಯವರೆಗೂ ನನ್ನ ಎಡ ಹುಬ್ಬು ಬಲ ಹುಬ್ಬಿಗಿಂತ ಒಂದು ಅಕ್ಕಿಕಾಳಿನಷ್ಟು ಚಿಕ್ಕದಾಗಿತ್ತು. ಇದನ್ನು ಲೋಕವೇನೂ ಗಮನಿಸಿಲ್ಲ. ಇಷ್ಟು ವರ್ಷಗಳಿಂದ ದಿನಾ ಬೆಳಗ್ಗೆ ನನ್ನೆದುರು ಕೂತು ಕಾಫಿ ಕುಡಿಯುತ್ತಿರುವ ನಮ್ಮ ಮನೆಯವರೂ ಗಮನಿಸಿಲ್ಲ. ಆದರೆ ಕನ್ನಡಿಯ ಮುಂದೆ ನಿಂತು ಕುಂಕುಮವಿಡಲು ಹಣೆಯ ನಟ್ಟನಡುವನ್ನು ಹುಡುಕುವ ನನ್ನದು, ಎರಡು ಅಸಮಾನ ದಡಗಳ ನಡುವೆ ಹೊಳೆಯ ಮಧ್ಯಭಾಗವನ್ನು ಅಳೆಯಹೊರಟ ಇಂಜಿನಿಯರನ ಪಾಡು. ಕೂದಲು ತಾನೆ, ಮತ್ತೆ ಬೆಳೆಯುತ್ತದೆ ಎಂದು ಸಮಾಧಾನ ಹೇಳಿದವರುಂಟು. ನಲವತ್ತೈದು ದಾಟಿದ ಹೆಂಗಸಿಗೆ ಕೂದಲು ಬೇಕಾದ ಹುಬ್ಬಿನ ಮೇಲೆ ಬೆಳೆಯದೆ ಬೇಡವಾದ ಗಲ್ಲದ ಮೇಲೆ ಬೆಳೆಯುತ್ತದೆಂಬ ಸತ್ಯ ಅವರಿಗಿನ್ನೂ ಅನುಭವಕ್ಕೆ ಬಂದಿಲ್ಲ.

ಈ ಊನಕ್ಕೆ ಕಾರಣ ಒಂದು ಕೈಗೂಸು. ಅದಕ್ಕೂ ಹಿಂದಿನ ಕಾರಣ ನನ್ನ ಚಪಲ.

ರಾಮನಗರದ ನಮ್ಮ ಬೀದಿಯ ತುದಿಯಲ್ಲಿ, ರೇಷ್ಮೆನೂಲಿನ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಸುಧಾಮಣಿ ಎಂಬಾಕೆಯ ಬ್ಯೂಟಿ ಪಾರ್ಲರ್ ಇದೆ. ಎರಡು ಕುರ್ಚಿ, ಒಂದು ಮಂಚ, ಕಾಯುವವರಿಗೊಂದು ಸೋಫಾ, ಗೋಡೆಯಗಲಕ್ಕೂ ಕನ್ನಡಿ. ನಾವು ಹುಡುಗಿಯರಾಗಿದ್ದಾಗ ಹುಬ್ಬೆಂಬುದು ವಿಧಿಲಿಖಿತವಾಗಿತ್ತು. ಅದಕ್ಕೆ ತಿದ್ದುಪಡಿ ತರುವ ಅಧಿಕಾರ ಮದುವೆಯ ಹೆಣ್ಣಿಗೂ ಇರಲಿಲ್ಲ. ಹೆದ್ದಾರಿಯ ಆಚೀಚೆ ಕಾರ್ಖಾನೆಗಳು ಎದ್ದು, ಗಾರ್ಮೆಂಟ್ಸಿನ ಬಸ್ಸುಗಳು ಕೋಳಿ ಕೂಗುವ ಹೊತ್ತಿಗೆ ಹಳ್ಳಿಹಳ್ಳಿಯ ಬಾಗಿಲಿಗೆ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗತೊಡಗಿದ ಮೇಲೆ ಈ ತಿದ್ದುಪಡಿ ಸಾರ್ವತ್ರಿಕವಾಯಿತು. ವಾರವೆಲ್ಲ ಯಾರೋ ಕಾಣದ ದೊರೆಸಾನಿಯರ ಅಂಗಿಗೆ ಕಾಲರು ಹೊಲಿಯುವ ಹುಡುಗಿಯರು ಭಾನುವಾರ ತಮ್ಮ ಮುಖವನ್ನೂ ಒಸಿ ಹೊಲಿಸಿಕೊಳ್ಳಲು ಸುಧಾಮಣಿಯ ಮೆಟ್ಟಿಲು ಹತ್ತಿದರು. ಅವರ ಹಿಂದೆ ನಾನೂ ಹತ್ತಿದೆ. ಮೊದಲ ಸಲ ಮನೆಯಲ್ಲಿ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೇಳಿ ಹೋಗಿದ್ದೆ. ಹುಬ್ಬು ತಿದ್ದಿಸಿಕೊಂಡು, ಸೊಪ್ಪು ಮರೆತು ಬಂದೆ. ಸೊಪ್ಪಿಲ್ಲದ್ದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಆ ಭಾನುವಾರ ಸುಧಾಮಣಿ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನನ್ನ ಎಡ ಹುಬ್ಬಿನ ಕೊನೆಯನ್ನು ಕುಸುರಿಕೆಲಸದವಳ ಏಕಾಗ್ರತೆಯಿಂದ ಕೀಳುತ್ತಿದ್ದಳು. ಅಷ್ಟರಲ್ಲಿ ಯಾರೋ ಕೂದಲೊಣಗಿಸುವ ಯಂತ್ರದ ಸ್ವಿಚ್ಚು ಒತ್ತಿದರು. ಸೋಫಾದ ಮೇಲೆ ತಾಯಿಯ ಪಕ್ಕ ಸುಮ್ಮನೆ ಮಲಗಿದ್ದ ಕೂಸೊಂದು ಆ ಭೋರ್ಗರೆತಕ್ಕೆ ಬೆಚ್ಚಿ, ಯಂತ್ರವನ್ನೂ ಮೀರಿಸಿ ಕಿರುಚಿತು. ಸುಧಾಮಣಿ ಹಾರಿಬಿದ್ದಳು. ಅವಳ ಜೊತೆ ದಾರವೂ, ದಾರದ ಜೊತೆ ನನ್ನ ಹುಬ್ಬಿನ ಬಾಲವೂ ಹೋಯಿತು.

ನಾನು ಸ್ವಭಾವತಃ ಸಹನಶೀಲೆ, ಏನೂ ಅನ್ನಲಿಲ್ಲ. ಅಂದವರು ಮಂಚದ ಮೇಲೆ ಮುಖಕ್ಕೆ ಬಿಳಿ ಲೇಪ ಬಳಿಸಿಕೊಂಡು ಮಲಗಿದ್ದ ವಿಮಲಾ ಮೇಡಂ. ಪ್ರೈಮರಿ ಶಾಲೆಯ ಹೆಡ್‌ಮಿಸ್ಸು. ಲೇಪ ಬಿರಿಯದಂತೆ ತುಟಿಯಲುಗಿಸದೆ ಗದರುವ ಕಲೆ ಅವರೊಬ್ಬರಿಗೇ ಸಿದ್ಧಿಸಿದ್ದು.

"ವಾರವೆಲ್ಲಾ ನಾನು ಮಕ್ಕಳ ಮೂಗು ಒರೆಸ್ತೀನಿ ಸುಧಾ. ಭಾನುವಾರ ಒಂದು ಗಂಟೆ ಕಣ್ಣ ಮೇಲೆ ಸೌತೆಕಾಯಿ ಇಟ್ಕೊಂಡು ಮಲಗೋಣ ಅಂದ್ರೆ ಇಲ್ಲೂ ಮಗೂನೇನಾ? ಹೀಗಾದ್ರೆ ನಾನು ಚನ್ನಪಟ್ಟಣದ ಪಾರ್ಲರಿಗೆ ಹೋಗ್ತೀನಿ."

ಆ ಮಾತಿನಲ್ಲಿ ನ್ಯಾಯವಿತ್ತು. ಬಿಸಿ ಮೇಣ, ಕತ್ತರಿ, ಮೂಗು ಉರಿಸುವ ಬ್ಲೀಚು ಇವೆಲ್ಲ ಇರುವಲ್ಲಿ ಕೂಸಿಗೇನು ಕೆಲಸ? ವಿಚಾರಣೆಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನನ್ನ ಹುಬ್ಬೇ ಎದುರಿಗಿತ್ತು. ಮುಂದಿನ ಭಾನುವಾರದ ಹೊತ್ತಿಗೆ ಬಾಗಿಲ ಮೇಲೆ ರಟ್ಟಿನ ಬೋರ್ಡು ಬಂತು: 'ಕೈಗೂಸುಗಳಿಗೆ ಪ್ರವೇಶವಿಲ್ಲ.'

ಓದುಗರೆ, ನಮ್ಮ ಸೀಮೆಗೆ ಇದು ಹೊಸ ಬಗೆಯ ಶಾಸನ. ಇಲ್ಲಿ ಕೂಸು ಹೋಗದ ಜಾಗವಿಲ್ಲ. ಮಾಗಡಿ ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತುವುದೇ ಅದು. ಕಿಟಕಿಯಿಂದ ಒಳಗೆ ದಾಟಿಸಿದ ಟವೆಲನ್ನು ಯಾರಾದರೂ ಸರಿಸಿ ಕೂರಬಹುದು, ಕೂಸನ್ನು ಸರಿಸಿ ಕೂರುವ ಎದೆಗಾರಿಕೆ ಯಾರಿಗುಂಟು? ಕಡೆಗೆ ರೇಷ್ಮೆಹುಳು ಸಾಕುವ ಮನೆಗೂ ಕೂಸಿಗೆ ತಡೆಯಿಲ್ಲ. ಕೈಲಾಂಚದ ಪಕ್ಕದಲ್ಲಿದ್ದ ನಮ್ಮ ಸೋದರತ್ತೆ, ನಾವು ರಜೆಗೆ ಹೋದಾಗ, ಹುಳುಮನೆಯ ಹೊಸ್ತಿಲಲ್ಲಿ ನಿಲ್ಲಿಸಿ ಒಬ್ಬೊಬ್ಬರನ್ನೂ ಮೂಸುತ್ತಿದ್ದಳು. ಪೌಡರು, ಸೆಂಟು, ಘಮಘಮ ಎಣ್ಣೆ ಯಾವುದಿದ್ದರೂ ಹುಳುವಿಗೆ ಆಗದು. ಸೊಪ್ಪು ತಿನ್ನುವುದನ್ನೇ ಬಿಟ್ಟು ಮುನಿಸಿಕೊಳ್ಳುತ್ತವೆ ಎಂದು ಮುಖ ತೊಳೆಯಲು ಅಟ್ಟುತ್ತಿದ್ದಳು. ಅವಳ ಕೈಗೂಸು ಮಾತ್ರ ಅದೇ ಕೋಣೆಯ ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ, ಸಾವಿರಾರು ಹುಳುಗಳು ಸೊಪ್ಪು ಮೇಯುವ ಸೋನೆಮಳೆಯಂಥ ಸದ್ದಿಗೆ ನಿದ್ದೆ ಮಾಡುತ್ತಿತ್ತು. ಅಲ್ಲಿ ಕೂಸಿಗೆ ಪ್ರವೇಶ, ಅಲಂಕಾರಕ್ಕೆ ನಿಷೇಧ. ಸುಧಾಮಣಿಯ ಮಾಳಿಗೆಯಲ್ಲಿ ಅದೇ ಕಾನೂನನ್ನು ಯಾರೋ ತಲೆಕೆಳಗು ಮಾಡಿ ಬರೆದಂತಿತ್ತು.

ಬೋರ್ಡು ಒಂದಿಷ್ಟು ದಿನ ಗೌರವದಿಂದ ಬಾಳಿತು. ಆಮೇಲೊಂದು ಭಾನುವಾರ ಭಾಗ್ಯ ಬಂದಳು.

ಗಾರ್ಮೆಂಟ್ಸಿನ ಹುಡುಗಿ, ಕೈಲಾಂಚಕ್ಕೆ ಸೊಸೆಯಾಗಿ ಬಂದವಳು. ಸೊಂಟದಲ್ಲಿ ಕೆನ್ನೆಗೆ ಕಪ್ಪು ಬೊಟ್ಟಿಟ್ಟ ಒಂದು ಹೆಣ್ಣುಕೂಸು. ಅಂದು ಸಂಜೆ ಚನ್ನಪಟ್ಟಣದ ಛತ್ರದಲ್ಲಿ ಅವಳ ತಮ್ಮನ ಮದುವೆಯ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ; ಇವಳು ಕಳಸಗಿತ್ತಿ. ನಮ್ಮ ಕಡೆಯ ಮದುವೆಗಳಲ್ಲಿ ಕಳಸಗಿತ್ತಿಯೆಂದರೆ ಸಾಮಾನ್ಯಳಲ್ಲ. ಮದುಮಗನ ಪಕ್ಕದಲ್ಲಿ ಕಳಸ ಹಿಡಿದು ಮೊದಲಿನಿಂದ ಕೊನೆಯವರೆಗೂ ನಿಲ್ಲುವ ಅಕ್ಕನೋ ತಂಗಿಯೋ ಆಕೆ. ಮದುಮಗಳಾದರೂ ಒಂದೆರಡು ಫೋಟೋದಲ್ಲಿ ತಪ್ಪಿಸಿಕೊಂಡಾಳು, ಕಳಸಗಿತ್ತಿ ತಪ್ಪಿಸಿಕೊಳ್ಳುವಂತಿಲ್ಲ. ಬೋರ್ಡಿಗೆ ಬೆರಳು ತೋರಿಸಿದ ಸುಧಾಮಣಿಗೆ ಭಾಗ್ಯ ತನ್ನ ಕೇಸನ್ನು ಮೆಟ್ಟಿಲ ಮೇಲೆ ನಿಂತೇ ಹೇಳಿದಳು.

"ನನ್ ಮದ್ವೆ ದಿನ ಮೊಕಕ್ಕೆ ಪೌಡ್ರು ಬಳ್ದಿದ್ದು ನಮ್ ಚಿಕ್ಕಮ್ಮ ಕಣಕ್ಕ. ಪೋಟೋದಲ್ಲಿ ನೋಡುದ್ರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂಗಿವ್ನಿ. ಇದೊಂದ್ ಸಲನಾದ್ರೂ ಮನುಷ್ರಂಗೆ ಕಾಣ್ಬೇಕು. ನಮ್ಮಪ್ಪನ ಮನೇಲಿ ಇನ್ಯಾರ ಮದ್ವೇನೂ ಉಳ್ದಿಲ್ಲ."

"ಮಗೂನ ನಿಮ್ಮತ್ತೆ ಹತ್ರ ಬಿಟ್ಟು ಬರ್ಬಾರದಾ?"

"ಬುಡಂಗಿಲ್ಲ. ಹುಳ ಹಣ್ಣಾಗವೆ."

ಈ ಉತ್ತರಕ್ಕೆ ನಮ್ಮ ತಾಲ್ಲೂಕಿನಲ್ಲಿ ಎದುರುತ್ತರವಿಲ್ಲ. ಹುಳು ಸೊಪ್ಪು ಬಿಟ್ಟು ಮೈ ಹೊಳೆದು ಗೂಡು ಕಟ್ಟಲು ಸಿದ್ಧವಾಯಿತೆಂದರೆ ಅದೇ ಹಣ್ಣಾಗುವುದು. ಆಗ ಮನೆಮಂದಿಯೆಲ್ಲ ಅವನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನಲ್ಲೇ ಗೂಡು ಸುತ್ತಿ ಬೆಳೆಯೆಲ್ಲ ಕೆಡುತ್ತದೆ. ಮದುವೆಗೆ ಮುಹೂರ್ತ ಇಟ್ಟವರು ಹುಳುಗಳನ್ನು ಒಂದು ಮಾತು ಕೇಳಿರಲಿಲ್ಲ. ಅತ್ತೆ, ಮಾವ, ಗಂಡ ಮೂವರೂ ಹುಳುಮನೆಯಲ್ಲಿ, ಕೂಸು ಸೊಂಟದಲ್ಲಿ.

ಸುಧಾಮಣಿ ಒಳಗಿನ ಮಂಚದತ್ತ ನೋಡಿದಳು. ಅಲ್ಲಿ ವಿಮಲಾ ಮೇಡಂ, ಯಥಾಪ್ರಕಾರ ಬಿಳಿ ಲೇಪದಡಿ. ಆಮೇಲೆ ನನ್ನತ್ತ ನೋಡಿದಳು. ಬೋರ್ಡಿನ ಮೂಲಪುರುಷಳಾದ ನಾನು ನೈತಿಕ ಹೊಣೆಯಿಂದಲೋ, ಕುರ್ಚಿ ಬಿಸಿಯಾಗಿದ್ದುದರಿಂದಲೋ ಎದ್ದೆ. ಒಳಗೆ ತಾಯಿ, ಹೊರಗೆ ಮೆಟ್ಟಿಲ ಮೇಲೆ ಕೂಸಿನ ಜೊತೆ ನಾನು ಎಂದು ಒಪ್ಪಂದವಾಯಿತು. ಬೋರ್ಡಿನ ಮಾನ ಉಳಿಯಿತು.

ಕೂಸು ನನ್ನನ್ನು ಒಂದಿಷ್ಟು ಹೊತ್ತು ಪರಿಶೀಲಿಸಿ, ಬೆರಳಿನಿಂದ ನನ್ನ ಮೋಟು ಹುಬ್ಬನ್ನು ಮುಟ್ಟಿ ನೋಡಿ, ಇವಳು ಅಪಾಯಕಾರಿಯಲ್ಲ ಎಂಬ ತೀರ್ಮಾನಕ್ಕೆ ಬಂದು ನನ್ನ ಬಳೆಗಳನ್ನು ಚೀಪತೊಡಗಿತು. ಕೆಳಗೆ ಬೀದಿಯಲ್ಲಿ ಹೋಗುವ ಆಟೋಗಳನ್ನು ತೋರಿಸಿದೆ. ನೂಲಿನಂಗಡಿಯ ತಕ್ಕಡಿ ತೋರಿಸಿದೆ. ತೋರಿಸಲು ಇನ್ನೇನೂ ಉಳಿಯದಾಗ ಅದೇ ಆಟೋಗಳನ್ನು ಮತ್ತೆ ತೋರಿಸಿದೆ. ನಾನು ಮಗು ಸಾಕುವುದರಲ್ಲಿ ಇನ್ನೂ ಪಳಗಿದ ಕೈಯೇ ಎಂದು ಹೆಮ್ಮೆಪಡುವಷ್ಟರಲ್ಲಿ ಬಾಗಿಲು ತೆರೆದು ಭಾಗ್ಯ ಹೊರಗೆ ಬಂದಳು.

ನಿಜಕ್ಕೂ ಚೆನ್ನಾಗಿದ್ದಳು. ಹೆರಿಗೆಯ ನಂತರ ಉದುರಿ ಪೀಚಾಗಿದ್ದ ಕೂದಲನ್ನು ಸುಧಾಮಣಿ ಅದೇನು ಮಾಯೆಯಿಂದಲೋ ತುರುಬಾಗಿ ಎತ್ತಿ ಕಟ್ಟಿದ್ದಳು, ಹುಬ್ಬು ಕಾಮನಬಿಲ್ಲು, ಮುಖದಲ್ಲಿ ಹಿಟ್ಟಿನ ಗಿರಣಿಯ ಸುಳಿವೇ ಇಲ್ಲ. ಭಾಗ್ಯ ನಗುತ್ತ ಎರಡೂ ಕೈ ಚಾಚಿದಳು. ಕೂಸು ಒಮ್ಮೆ ನೋಡಿತು. ಇನ್ನೊಮ್ಮೆ ನೋಡಿತು. ಆಮೇಲೆ ನನ್ನ ಕುತ್ತಿಗೆಯನ್ನು ಎರಡೂ ಕೈಯಿಂದ ಬಿಗಿದಪ್ಪಿ, ಯಾರೋ ಅಪರಿಚಿತ ಹೆಂಗಸು ತನ್ನನ್ನು ಕದ್ದೊಯ್ಯಲು ಬಂದಿದ್ದಾಳೆಂದು ಇಡೀ ಬೀದಿಗೆ ಸಾರಿತು.

"ಏ ನಾನು ಕಣೇ, ನಿಮ್ಮವ್ವ" ಎಂದಳು ಭಾಗ್ಯ. ದನಿ ಕೇಳಿ ಕೂಸು ಅರೆಗಳಿಗೆ ಸುಮ್ಮನಾಗಿ ಮೂಗರಳಿಸಿತು. ದನಿ ಅವ್ವನದು, ವಾಸನೆ ಇನ್ಯಾರದೋ. ಇದು ಮೋಸವೇ ಎಂದು ಖಾತ್ರಿಯಾಗಿ ಅಳು ಇಮ್ಮಡಿಯಾಯಿತು. ಬಲವಂತವಾಗಿ ಎತ್ತಿಕೊಂಡರೆ ಸೆಟೆದುಕೊಂಡು ಹಿಂದಕ್ಕೆ ಬಾಗಿತು. ಭಾಗ್ಯ ಅದನ್ನು ಮತ್ತೆ ನನ್ನ ಮಡಿಲಿಗೆ ಹಾಕಿ ಮೆಟ್ಟಿಲ ಮೇಲೆ ಕುಕ್ಕರಿಸಿದಳು.

"ಈ ವಾಸ್ನೇಲಿ ಮನೆಗೋದ್ರೆ ಹುಳನೂ ಸೇರ್ಸಾಕಿಲ್ಲ, ಇಲ್ಲಿ ಕೂಸೂ ಸೇರ್ಸಾಕಿಲ್ಲ. ಬಸ್ನಾಗೆ ಹೆಂಗೆ ಕರ್ಕೊಂಡೋಗ್ಲಿ? ಛತ್ರದಲ್ಲಿ ಹಾಲ್ ಹೆಂಗ್ ಕುಡಿಸ್ಲಿ?" ಆಮೇಲೆ ತಲೆಯೆತ್ತದೆ ಹೇಳಿದಳು: "ಎಲ್ಲಾ ತೊಳ್ದ್ಬುಡಕ್ಕ. ಗಿರಣಿಯಿಂದ ಬಂದೋಳಂಗೇ ನಿಂತ್ಕತೀನಿ."

ಅವಳು ತುರುಬಿನ ಪಿನ್ನಿಗೆ ಕೈಹಾಕಿದ್ದಳು. ಸುಧಾಮಣಿ ಆ ಕೈ ಹಿಡಿದುಕೊಂಡಳು. "ಒಸಿ ತಡಿ" ಎಂದು ನನ್ನ ಮಡಿಲಿನಿಂದ ಕಿರುಚುವ ಕೂಸನ್ನು ಎತ್ತಿಕೊಂಡು, ತಾನೇ ಬರೆದ ಬೋರ್ಡಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದಳು. ಭಾಗ್ಯಳನ್ನು ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ಅವಳ ತೊಡೆಯ ಮೇಲೆ ಕನ್ನಡಿಗೆ ಮುಖಮಾಡಿ ಕೂರಿಸಿ, ಕಷ್ಟಪಟ್ಟು ಕಟ್ಟಿದ ತುರುಬನ್ನು ಪೂರ್ತಿ ಬಿಚ್ಚಿಬಿಟ್ಟಳು. ಒದ್ದೆ ಬಟ್ಟೆಯಿಂದ ಮುಖದ ಬಣ್ಣವನ್ನೂ ಒರೆಸಿದಳು.

"ಯಾರದು ಒಳಗೆ?" ಎಂದು ಮಂಚದಿಂದ ದನಿ ಬಂತು. ವಿಮಲಾ ಮೇಡಂ ಕಣ್ಣ ಮೇಲಿನ ಸೌತೆಕಾಯಿ ತೆಗೆದು ಎದ್ದು ಕೂತರು. ಸುಣ್ಣ ಬಳಿದ ಗೋಡೆಯೊಂದು ಎದ್ದು ಕೂತು ಕಣ್ಣು ಬಿಟ್ಟದ್ದನ್ನು ಕನ್ನಡಿಯಲ್ಲಿ ಕಂಡ ಕೂಸು ಅಳು ನಿಲ್ಲಿಸಿತು. ದಿಟ್ಟಿಸಿತು. ಆಮೇಲೆ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಹೊಟ್ಟೆಯೆಲ್ಲ ಕುಲುಕುವಂತೆ ಕೇಕೆ ಹಾಕಿ ನಕ್ಕಿತು. ಶಾಲೆಯಲ್ಲಿ ಮೇಡಮ್ಮನ್ನು ನೋಡಿ ನಗುವ ಧೈರ್ಯ ಈವರೆಗೆ ಯಾವ ಮಗುವೂ ಮಾಡಿದ್ದಿಲ್ಲವೇನೋ. ಅವರು ತಡೆದುಕೊಂಡರು, ತುಟಿ ಬಿಗಿದರು, ಕೆನ್ನೆಯ ಬಳಿ ಒಂದು ಬಿರುಕು ಕಾಣಿಸಿತು, ಮರುಕ್ಷಣ ಬೇಸಿಗೆಯ ಕೆರೆಯಂಗಳದಂತೆ ಇಡೀ ಲೇಪ ಚೂರುಚೂರಾಗಿ ಬಿರಿದು ಮೇಡಂ ನಕ್ಕುಬಿಟ್ಟರು.

"ಹಾಳಾಯ್ತಲ್ಲೇ ನನ್ನ ಫೇಶಿಯಲ್ಲು" ಎನ್ನುತ್ತಲೇ, ಮಂಚದಿಂದಿಳಿದು ಕೂಸಿನ ಕೈಗೊಂದು ಬಾಚಣಿಗೆ ಕೊಟ್ಟರು.

ಈ ಸಲ ಎಲ್ಲವೂ ಕೂಸಿನ ಕಣ್ಣೆದುರಿಗೇ ನಡೆಯಿತು. ಒಂದೊಂದು ಪಿನ್ನು ಚುಚ್ಚುವಾಗಲೂ ಅದು ಕನ್ನಡಿಯಲ್ಲಿ ನೋಡಿ, ತಿರುಗಿ ತಾಯಿಯನ್ನು ನೋಡಿ, ಮತ್ತೆ ಕನ್ನಡಿಗೆ ಮರಳಿತು. ಕ್ರೀಮು ಬಳಿದಾಗ ಒಂದು ಬೊಟ್ಟು ಅದರ ಮೂಗಿಗೂ ಆಯಿತು. ಈಗ ವಾಸನೆ ಇಬ್ಬರದೂ ಒಂದೇ. ತುರುಬು ಮುಗಿಯುವ ಹೊತ್ತಿಗೆ ಕೂಸು ಕಳಸಗಿತ್ತಿಯ ಎದೆಗೊರಗಿ ಬಾಚಣಿಗೆ ಕಚ್ಚುತ್ತ ಅರೆನಿದ್ದೆಯಲ್ಲಿತ್ತು. ಚನ್ನಪಟ್ಟಣದ ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಇಳಿದು ಹೋದವಳು, ಮೆಟ್ಟಿಲ ತಿರುವಿನಲ್ಲಿ ಕನ್ನಡಿಯಿಲ್ಲದಿದ್ದರೂ ಒಮ್ಮೆ ನಿಂತು ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು.

ಹಾಗಾದರೆ ಪಾರ್ಲರಿಗೆ ಕೂಸನ್ನು ಬಿಡಬೇಕೇ ಬೇಡವೇ? ಶಾಂತಿ ಬೇಕೆಂಬವರ ವಾದ ಈಗಲೂ ಸರಿಯೇ. ಆದರೆ ಒಳಗೆ ಹೋದ ತಾಯಿಯೇ ಹೊರಗೆ ಬಂದಳೆಂದು ದೃಢೀಕರಿಸಲು ಒಬ್ಬ ಅಧಿಕಾರಿಯಾದರೂ ಸ್ಥಳದಲ್ಲಿ ಹಾಜರಿರಬೇಡವೇ ಎಂಬುದು ನನ್ನ ಸಣ್ಣ ಅಹವಾಲು. ಗಂಡಂದಿರಿಂದ ಆ ಕೆಲಸವಾಗದು. ಕೊತ್ತಂಬರಿ ಸೊಪ್ಪಿನ ದಿನವೇ ನನಗದು ಮನವರಿಕೆಯಾಗಿದೆ.

ಸುಧಾಮಣಿ ಬೋರ್ಡನ್ನು ತೆಗೆಯಲಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಹುಳು ಹಣ್ಣಾದ ವಾರ ಬಿಟ್ಟು' ಎಂದು ಸೇರಿಸಿದಳು. ಯಾವುದಾದರೊಂದು ಮನೆಯಲ್ಲಿ ಹುಳು ಹಣ್ಣಾಗದ ವಾರವೇ ನಮ್ಮ ಸೀಮೆಯಲ್ಲಿಲ್ಲ. ಮೊನ್ನೆ ಮಾಗಡಿ ಕಡೆಯಿಂದ ಬಂದ, ಕುರಿ ಸಾಕುವ ಮನೆಯ ಸೊಸೆಯೊಬ್ಬಳೂ ಹುಳು ಹಣ್ಣಾಗಿದೆಯೆಂದೇ ಹೇಳಿ ಕೂಸಿನೊಂದಿಗೆ ಒಳಗೆ ಬಂದಳು. ಯಾರೂ ಕೆದಕಿ ಕೇಳಲಿಲ್ಲ. ವಿಮಲಾ ಮೇಡಂ ಲೇಪದಡಿಯಿಂದಲೇ ಒಂದು ಕಣ್ಣಿನ ಸೌತೆಕಾಯಿ ಸರಿಸಿ ಕೂಸು ಎಲ್ಲಿದೆಯೆಂದು ನೋಡಿದರು.

ಅದು ನನ್ನ ಮಡಿಲಲ್ಲಿತ್ತು. ಖಾಲಿ ಮಡಿಲಿನವರು ಕೂಸನ್ನು ಹಿಡಿಯಬೇಕೆಂಬುದು ಈಗ ಅಲ್ಲಿನ ಅಲಿಖಿತ ನಿಯಮ. ಸುಧಾಮಣಿ ನನ್ನ ಬಲ ಹುಬ್ಬಿನ ಕೊನೆಯಲ್ಲಿ ದಾರವಿಟ್ಟಿದ್ದಾಗ ಕೂಸು ನನ್ನ ಸರವನ್ನು ಬಲವಾಗಿ ಜಗ್ಗಿತು, ನಾನು ಬಗ್ಗಿದೆ, ದಾರ ಬಗ್ಗಲಿಲ್ಲ. ಈಗ ನನ್ನ ಬಲ ಹುಬ್ಬು ಎಡ ಹುಬ್ಬಿಗಿಂತ ಅರ್ಧ ಅಕ್ಕಿಕಾಳಿನಷ್ಟು ಚಿಕ್ಕದು. ಕುಂಕುಮವನ್ನು ಎಡಕ್ಕೆ ಒಸಿ ಸರಿಸಿ ಇಡುತ್ತಿದ್ದೇನೆ.