ಪ್ಲಗ್ಗು ಕೂತರಷ್ಟೇ ಸಾಲದು ಎನ್ನುವ ಮೀಟರ್ ಮಾವ

ಬೀದಿದೀಪ ಇನ್ನೂ ಆರಿಲ್ಲ. ಅಂಗಡಿಯ ಶಟರ್ ಅರ್ಧಕ್ಕೆ ಎದ್ದಿದೆ. ಬಗ್ಗಿ ನೋಡಿದರೆ ಒಂದು ಹಳೇ ಬೈಕಿನ ಪಕ್ಕ ಮೀಟರ್ ಮಾವ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಾಯಲ್ಲಿ ಟಾರ್ಚು, ಕೊರಳಲ್ಲಿ ದಾರ ಕಟ್ಟಿ ನೇತುಹಾಕಿದ ಮೀಟರು. ಕರೆಂಟು ಇದೆಯೋ ಇಲ್ಲವೋ, ಎಷ್ಟಿದೆ ಎಂದು ಹೇಳುವ ಆ ಪುಟ್ಟ ಡಬ್ಬಿಯೇ ಅವರಿಗೆ ಹೆಸರು ತಂದುಕೊಟ್ಟಿದ್ದು. ಅಪ್ಪ ಅಮ್ಮ ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ, ಕೇಳುವ ಗೋಜಿಗೂ ಯಾರೂ ಹೋಗಿಲ್ಲ.

ಬೈಕಿನ ಯಜಮಾನಿ ಪಕ್ಕದಲ್ಲೇ ನಿಂತಿದ್ದಾಳೆ. ಹೆಗಲಿಗೆ ಔಷಧಿ ಬ್ಯಾಗು, ಮುಖದಲ್ಲಿ ನಿದ್ದೆಗೆಟ್ಟ ಸುಸ್ತು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವ ನರ್ಸು. ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಾರೆ. ಬಸ್ಸು ಹೋಗದ ಕಡೆಯ ಮನೆಗಳೆಲ್ಲ ಇವಳ ಪಾಲು. ನಿನ್ನೆ ಸಂಜೆ ಬೈಕು ದಾರಿಯಲ್ಲೇ ಕೈಕೊಟ್ಟಿತು. ಸುಟ್ಟ ವಾಸನೆ, ಹೆಡ್‌ಲೈಟು ಮಂಕು, ಆಮೇಲೆ ಎಲ್ಲವೂ ತಣ್ಣಗೆ. ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಬೇಕಿದ್ದ ಅಜ್ಜಿಯೊಬ್ಬರು ಬಾಗಿಲಲ್ಲೇ ಕಣ್ಣಿಟ್ಟು ಕಾದರು.

"ಮೇಲಿನವರು ಫೋನಲ್ಲೇ ಹೇಳಿಬಿಟ್ರು ಮಾವ," ಎನ್ನುತ್ತಾಳೆ ಸಿಸ್ಟರ್. "ಇನ್ನೊಂದು ಸಲ ಹೀಗಾದ್ರೆ ಈ ಕಡೆಯ ಮನೆಗಳನ್ನೆಲ್ಲ ಬೇರೆಯವರಿಗೆ ಕೊಡ್ತಾರಂತೆ, ನನ್ನನ್ನ ಆಸ್ಪತ್ರೆ ವಾರ್ಡಿಗೆ ಹಾಕ್ತಾರಂತೆ. ಆ ಅಜ್ಜಿಗೆ ಬೇರೆ ಯಾರು ಹೋದ್ರೂ ಆಗಲ್ಲ, ಕೈ ಚಾಚೋದೇ ಇಲ್ಲ."

ಮಾವ ತಲೆ ಎತ್ತುವುದಿಲ್ಲ. ಎತ್ತಲು ಮುಖವಿಲ್ಲ. ಸುಟ್ಟುಹೋದ ಭಾಗವನ್ನು ಕಳೆದ ವಾರ ಹಾಕಿಕೊಟ್ಟಿದ್ದು ಅವರೇ.

ಆ ಭಾಗದ ಪೂರ್ತಿ ಹೆಸರು ರೆಗ್ಯುಲೇಟರ್ ರೆಕ್ಟಿಫೈಯರ್. ಅಷ್ಟುದ್ದ ಹೇಳುವ ತಾಳ್ಮೆ ಯಾವ ಮೆಕ್ಯಾನಿಕ್ಕಿಗಿದೆ? ಆರ್‌ಆರ್ ಎಂದರೆ ಮುಗಿಯಿತು. ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ, ಬಿಸಿ ಹೊರಗೆ ಹೋಗಲೆಂದು ಮೈತುಂಬ ಗೀರು ಗೀರು. "ಎಂಜಿನ್ ಒಳಗೆ ಕಾಯಿಲ್ ಇದೆಯಲ್ಲ, ಅದಕ್ಕೆ ಹಿಂದುಮುಂದು ಗೊತ್ತಿಲ್ಲ, ಕರೆಂಟನ್ನ ಸುಮ್ನೆ ಸುರೀತಿರುತ್ತೆ. ಬ್ಯಾಟರಿಗೆ ಒಗ್ಗೋ ಹಾಗೆ ಅದನ್ನ ಹದ ಮಾಡಿ ಬಡಿಸೋದು ಈ ಆರ್‌ಆರ್. ಇದು ಕೆಟ್ರೆ ಬ್ಯಾಟರಿ ಒಂದೋ ಉಪವಾಸ, ಇಲ್ಲ ಅಜೀರ್ಣ," ಎಂದು ಮಾವ ಬಂದವರಿಗೆಲ್ಲ ಬಿಡಿಸಿ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ.

ಮಾವ ಈ ಕಸುಬಿಗೆ ಬಂದಿದ್ದು ಮೀಸೆ ಚಿಗುರುವ ಮೊದಲು. ಬ್ಯಾಟರಿ ಆಸಿಡ್ಡಿಗೆ ಅಂಗಿಗಳು ತೂತಾದವು, ಬೆರಳ ತುದಿಯ ಚರ್ಮ ಒರಟಾಯಿತು. ಹೊಸ ಬೈಕುಗಳಿಗೆ ಕಂಪ್ಯೂಟರ್ ಹಚ್ಚಿ ನೋಡುವ ಶೋರೂಮುಗಳು ಬಂದ ಮೇಲೆ ಜೊತೆಯವರೆಲ್ಲ ಅಂಗಡಿಗೆ ಬೀಗ ಜಡಿದರು. ಇವರು ಮಾತ್ರ ಯಾರೂ ಮುಟ್ಟದ ಹಳೇ ಗಾಡಿಗಳನ್ನು ಹಿಡಿದು ಕೂತರು. ದಿನಕ್ಕೆ ನಾಲ್ಕೈದು ಗಾಡಿ ಬಂದರೆ ಅದೇ ಹೆಚ್ಚು. ಅಂಗಡಿಯ ಹಿಂಭಾಗದಲ್ಲಿ ಮನೆಯಾಕೆ ಬೈಕಿನ ಸೀಟಿಗೆ ರೆಕ್ಸಿನ್ ಕವರು ಹೊಲಿಯುತ್ತಾರೆ. ಹೊಲಿಗೆ ಯಂತ್ರದ ಹಿಂದಿನಿಂದಲೇ ಗಂಡನ ಕಾಲೆಳೆಯುತ್ತಾರೆ.

"ನನಗೆ ಜ್ವರ ಬಂದ್ರೆ ಇವರಿಗೆ ಮೂರು ದಿನ ಆದ್ರೂ ಗೊತ್ತಾಗಲ್ಲ. ಬ್ಯಾಟರಿ ಮೈ ಬಿಸಿಯಾದ್ರೆ ಸಾಕು, ಓಡಿ ಬರ್ತಾರೆ," ಎನ್ನುವ ಆಕೆ, ಇವತ್ತು ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸುತ್ತಾರೆ. "ನಿನ್ನೆ ಸಿಸ್ಟರ್ ಫೋನು ಬಂದ ಮೇಲೆ ಊಟದ ತಟ್ಟೆ ಮುಂದೆ ಸುಮ್ನೆ ಕೂತಿದ್ರು. ತುತ್ತು ಇಳೀಲಿಲ್ಲ."

ಮಾವನ ಪೆಟ್ಟಿಗೆಯಲ್ಲಿ ಈಗ ಆರ್‌ಆರ್‌ಗಳ ರಾಶಿಯೇ ಇದೆ. ಕೆಲವು ಹೊಸವು, ಕೆಲವು ಗುಜರಿಯಿಂದ ಬಿಚ್ಚಿ ತಂದವು. ಅರ್ಧಕ್ಕರ್ಧ ಇದೇ ಬೈಕಿನ ವೈರುಗಳ ಪ್ಲಗ್ಗಿಗೆ ಕಟಕ್ ಎಂದು ಕೂರುತ್ತವೆ. ಕಳೆದ ವಾರದ್ದೂ ಹಾಗೇ ಕೂತಿತ್ತು. ಆದರೆ ಮಾವ ಇವತ್ತು ಯಾವುದಕ್ಕೂ ಕೈ ಹಾಕದೆ, ಎಂಜಿನ್ನಿನಿಂದ ಬರುವ ಕಾಯಿಲಿನ ವೈರು ಬಿಚ್ಚುತ್ತಾರೆ. ಮೀಟರಿನ ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಎಂಜಿನ್ನಿನ ಮೈಗೆ.

ಮೀಟರು ಕೀ ಎಂದು ಕೂಗುತ್ತದೆ. ಅಂದರೆ ಕಾಯಿಲು ಎಂಜಿನ್ನಿನ ಮೈಗೆ ಸೇರಿಕೊಂಡಿದೆ.

ಕಾಯಿಲೇ ಸುಟ್ಟಿತೇ ಎಂದು ಮಾವ ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ ಟಾರ್ಚು ಬಿಡುತ್ತಾರೆ. ಕಾಯಿಲು ಎಲ್ಲೂ ಸುಟ್ಟಿಲ್ಲ. ಅದರ ಒಂದು ತುದಿಯನ್ನು ಕಂಪನಿಯವರೇ ಲೋಹದ ತಟ್ಟೆಗೆ ಬೆಸೆದಿದ್ದಾರೆ.

"ಈ ಬೈಕಿಗೆ ಯಾವಾಗ್ಲಾದ್ರೂ ಪೇಂಟ್ ಹೊಡೆಸಿದ್ರಾ?"

"ಅಪ್ಪ ಓಡಿಸ್ತಿದ್ದಾಗ ಹೊಡೆಸಿದ್ರು. ಟ್ಯಾಂಕು, ಸೈಡ್ ಪ್ಯಾನೆಲ್ಲು ತುಕ್ಕು ಹಿಡಿದಿತ್ತು ಅಂತ ಬೇರೇದೇ ಹಾಕಿಸಿದ್ರು."

ಹೊರಬಿತ್ತು ನೋಡಿ ಗುಟ್ಟು. ಈ ಮಾಡೆಲಿನ ಮೊದಮೊದಲ ಗಾಡಿಗಳಲ್ಲಿ ಕಾಯಿಲಿನ ಒಂದು ತುದಿ ಎಂಜಿನ್ನಿನ ಮೈಗೆ ಸೇರಿರುತ್ತದೆ. ಆಮೇಲೆ ಬಂದವುಗಳಲ್ಲಿ ಎರಡೂ ತುದಿ ಬಿಡಿಯಾಗಿರುತ್ತವೆ. ಕಳೆದ ವಾರ ಮಾವ ಹೊಸ ಪ್ಯಾನೆಲ್ಲು ನೋಡಿ, ಇದು ಆಮೇಲಿನದ್ದೇ ಎಂದು ಬಗೆದು, ಮೀಟರನ್ನು ಕೊರಳಲ್ಲೇ ನೇತಾಡಲು ಬಿಟ್ಟಿದ್ದರು.

"ನಾನು ಹಾಕಿದ್ದು ಎರಡು ಕೈಲಿ ತಗೊಳ್ಳೋ ಆರ್‌ಆರ್ ಕಣಮ್ಮಾ. ನಿನ್ನ ಗಾಡಿ ಕಾಯಿಲು ಕೊಡೋದು ಒಂದೇ ಕೈಲಿ. ಇನ್ನೊಂದು ಕೈ ಎಂಜಿನ್ ಮೈಗೆ ಕಟ್ಟಿದೆ. ಕರೆಂಟು ಬ್ಯಾಟರಿಗೆ ಹೋಗೋದು ಬಿಟ್ಟು ಡಬ್ಬಿಯೊಳಗೇ ಸುತ್ತಿ ಸುತ್ತಿ ಅದನ್ನೇ ಸುಟ್ಟಿತು. ಪ್ಲಗ್ಗು ಕೂತಿತಲ್ಲ ಅಂತ ನಾನೂ ಸುಮ್ನಾದೆ. ತಪ್ಪು ನಂದೇ, ಗಾಡೀದಲ್ಲ."

ಸಿಸ್ಟರಿಗೆ ಸಿಟ್ಟು ಬರಬೇಕಿತ್ತು. ಅವಳು ದೊಡ್ಡ ಉಸಿರು ಬಿಡುತ್ತಾಳೆ. "ಸದ್ಯ, ಗಾಡಿ ಗುಜರಿಗೆ ಅಂತ ಹೇಳಲಿಲ್ಲವಲ್ಲ."

ಆಯ್ಕೆ ಈಗ ಸುಲಭ. ಎರಡು ಕೈಯವೆಲ್ಲ ಪೆಟ್ಟಿಗೆಗೆ ವಾಪಸ್ಸು. ಉಳಿದವುಗಳಲ್ಲಿ ಒಂದು ಹಗುರ, ಗೀರುಗಳೇ ಇಲ್ಲ; ಬಿಸಿ ಹೊರಗೆ ಹೋಗಲು ದಾರಿಯಿಲ್ಲದ್ದು ಬೇಡ ಎಂದು ಅದನ್ನೂ ಪಕ್ಕಕ್ಕಿಡುತ್ತಾರೆ. ಕೊನೆಗೆ ಆಳವಾದ ಗೀರುಗಳ, ಒಂದು ಕೈಯ ಹೊಸ ಆರ್‌ಆರ್ ಕೈಗೆ ಬರುತ್ತದೆ. ಅದರ ಪ್ಲಗ್ಗು ಮಾತ್ರ ಬೇರೆ. ಮಾವನಿಗೆ ನಗು. ಒಂದೊಂದೇ ವೈರಿನ ಕೆಲಸ ನೋಡಿಕೊಂಡು ಹಳೇ ಪ್ಲಗ್ಗಿಗೆ ಸೇರಿಸಿ ಬೆಸೆಯುತ್ತಾರೆ. ಡಬ್ಬಿ ಕೂರುವ ಜಾಗದ ಪೇಂಟನ್ನು ಕಬ್ಬಿಣ ಹೊಳೆಯುವಷ್ಟು ಕೆರೆದು, ಗಾಳಿ ತಾಗುವ ಕಡೆ ಬೋಲ್ಟು ಬಿಗಿಯುತ್ತಾರೆ. ನಿನ್ನೆ ರಾತ್ರಿ ಬೈಕನ್ನು ಅಂಗಡಿಗೆ ತಳ್ಳಿ ತಂದಾಗಲೇ ಚಾರ್ಜಿಗೆ ಹಾಕಿದ್ದ ಬ್ಯಾಟರಿ ವಾಪಸ್ಸು ತನ್ನ ಗೂಡು ಸೇರುತ್ತದೆ.

ಕಿಕ್ ಹೊಡೆದ ಕೂಡಲೇ ಬೈಕು ಎದ್ದು ಕೂರುತ್ತದೆ. ಮಾವ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗಿಟ್ಟು ಆಕ್ಸಿಲರೇಟರ್ ತಿರುಗಿಸುತ್ತಾರೆ. ಹದಿಮೂರು ವೋಲ್ಟ್ ದಾಟಿತು, ಹದಿನಾಲ್ಕು ದಾಟಿತು. ಹೊಲಿಗೆ ಯಂತ್ರದ ಸದ್ದೂ ನಿಂತಿದೆ. ಬ್ಯಾಟರಿಗೆ ಹದವಾದ ಹದಿನಾಲ್ಕು ಪಾಯಿಂಟ್ ಎರಡಕ್ಕೆ ಬಂದ ಅಂಕಿ ಅಲ್ಲಿಂದ ಕದಲುವುದಿಲ್ಲ. ಎಂಜಿನ್ ಎಷ್ಟು ಕೂಗಿದರೂ ಕದಲುವುದಿಲ್ಲ. ಹೆಡ್‌ಲೈಟು ಹಾಕಿ, ಬಹಳ ಹೊತ್ತು ಓಡಿಸಿಯೇ ಇಟ್ಟು, ಡಬ್ಬಿಯ ಮೈ ಮುಟ್ಟಿ ನೋಡುತ್ತಾರೆ. ಬೆಚ್ಚಗಿದೆ, ಸುಡುತ್ತಿಲ್ಲ. ಮಾವ ಬೈಕನ್ನು ಅವಳ ಕಡೆ ತಿರುಗಿಸಿ ನಿಲ್ಲಿಸುತ್ತಾರೆ.

"ಹೋಗಿ ಬಾ. ಅಜ್ಜಿ ಕಾಯ್ತಿರ್ತಾರೆ."

ಅವಳು ಹೋದಳು. ಇವರು ಕೆಲಸಕ್ಕೆ ಕೂತರೂ ಕಿವಿಯೆಲ್ಲ ರಸ್ತೆಯ ಕಡೆ. ಫೋನು ರಿಂಗಾದಾಗಲೆಲ್ಲ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಾರೆ. ಮಧ್ಯಾಹ್ನ ಮನೆಯಾಕೆ ಗದರಿಸಿದ ಮೇಲೆ ಎರಡು ತುತ್ತು ಇಳಿಯಿತು.

ಕತ್ತಲಾಗುತ್ತಿದ್ದಂತೆ ಆ ಬೈಕಿನ ಸದ್ದು ಕೇಳುತ್ತದೆ. ಮಾವ ಎದ್ದು ಬಾಗಿಲಿಗೆ ಬರುತ್ತಾರೆ. ಹೆಡ್‌ಲೈಟು ರಸ್ತೆಯುದ್ದಕ್ಕೂ ಒಂದೇ ಸಮ ಬೆಳಗುತ್ತಿದೆ. ಸಿಸ್ಟರ್ ನಿಲ್ಲಿಸುವುದಿಲ್ಲ, ಹಾರ್ನ್ ಹೊಡೆದು, ಎಡಗೈ ಎತ್ತಿ ಬೀಸಿ, ತಿರುವಿನಲ್ಲಿ ಮರೆಯಾಗುತ್ತಾಳೆ.

"ಒಂದು ಮಾತೂ ಆಡದೆ ಹೋದಳಲ್ಲ," ಎನ್ನುತ್ತಾರೆ ಮನೆಯಾಕೆ.

"ಹೋಗ್ಲಿ ಬಿಡೇ," ಮಾವ ಕಣ್ಣೊರೆಸಿಕೊಂಡು ನಗುತ್ತಾರೆ. "ನಾನು ಸರಿ ಮಾಡಿದ ಗಾಡಿ ನನ್ನ ಅಂಗಡಿ ಮುಂದೆ ನಿಲ್ಲಬಾರದು. ನನಗೆ ಬೇಕಾಗಿದ್ದು ಅಷ್ಟೇ."