ಸಮುದ್ರ ಮಲಗುವ ಹೊತ್ತು

ಕರಾವಳಿಯ ಪಾಠ ನಡೆಯುತ್ತಿತ್ತು. ಬಂದರು, ದೀಪಸ್ತಂಭ, ಮೀನುಗಾರಿಕೆ ಎಲ್ಲ ಮುಗಿಸಿ ಅಲೆಗಳಿಗೆ ಬಂದಿದ್ದೆ. ಆರನೇ ತರಗತಿಯ ಒಬ್ಬ ಹುಡುಗಿ, ಕುರಿ ಕಾಯುವವರ ಮನೆಯವಳು, ಎದ್ದು ನಿಂತು, "ಮಿಸ್, ರಾತ್ರಿನಾಗೂ ಅಲೆ ಬರ್ತಾವಾ?" ಎಂದು ಕೇಳಿದಳು.

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಇಲ್ಲಮ್ಮ, ಗಾಳಿ ಬಿದ್ದ ಮೇಲೆ ನಿಲ್ತವೆ. ರಾತ್ರಿ ಸಮುದ್ರ ಮಲಗುತ್ತೆ" ಎಂದೆ.

"ನೀವು ನೋಡಿದೀರಾ ಮಿಸ್?"

ಮಕ್ಕಳು ಪ್ರಶ್ನೆ ಕೇಳಿದರೆ ನನಗೆ ಖುಷಿ. ನಾನು ಕೊಟ್ಟ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರೆ ಮಾತ್ರ ಮೈ ಉರಿಯುತ್ತದೆ. "ನೋಡಿದೀನಿ, ಕುಂತ್ಕೋ" ಎಂದು ಗದರಿದೆ. ಅವಳು ಕುಳಿತು ಬರೆದುಕೊಂಡಳು. ಸಂಜೆ ನೋಟ್‌ಪುಸ್ತಕ ತಿದ್ದುವಾಗ "ರಾತ್ರಿ ಸಮುದ್ರ ಮಲಗುತ್ತದೆ" ಎಂಬ ಅವಳ ದುಂಡನೆಯ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದೆ.

ನಾನು ಸಮುದ್ರವನ್ನೇ ನೋಡಿರಲಿಲ್ಲ. ಧರ್ಮಪುರದ ಸುತ್ತಮುತ್ತಲ ಶಾಲೆಗಳಲ್ಲಿ ಇಪ್ಪತ್ತು ವರ್ಷದ ಮೇಲಾಯಿತು ಪಾಠ ಹೇಳಲು ಶುರುಮಾಡಿ. ಅಷ್ಟೂ ವರ್ಷ ಸಮುದ್ರದ ಪಾಠವನ್ನು ಸಲೀಸಾಗಿ ಮಾಡಿಕೊಂಡು ಬಂದಿದ್ದೆ. ಟಿವಿಯಲ್ಲಿ ನೋಡಿದ್ದೆ, ಅದೂ ನೋಡಿದ ಹಾಗೆಯೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ಉತ್ತರ ಎಲ್ಲಿಂದ ಬಂತು ಎಂದರೆ, ನಮ್ಮ ಮನೆಯ ಕುರಿಗಳಿಂದ. ಅಲೆಯಾಡುವ ನೀರಿಗೆ ಕುರಿ ಬಾಯಿ ಹಾಕುವುದಿಲ್ಲ. ಅದಕ್ಕೇ ನಮ್ಮವ್ವ ಸಂಜೆ ಮಂದೆಯನ್ನು ಕೆರೆ ಏರಿಯ ಹಿಂದೆ ತಂದು ನಿಲ್ಲಿಸಿ, ಗಾಳಿ ಬೀಳುವವರೆಗೂ ಕಾಯುತ್ತಿದ್ದಳು. ನೀರು ನಿಂತಿತು ಅಂದ ಕೂಡಲೇ ಬಾಯಲ್ಲಿ ಒಂದು ಸದ್ದು ಮಾಡಿದರೆ ಸಾಕು, ಅಷ್ಟೂ ಕುರಿ ಸಾಲಾಗಿ ಇಳಿದು ಮುಖ ಬಗ್ಗಿಸುತ್ತಿದ್ದವು. ಮಾರಿಕಣಿವೆ ಅಣೆಕಟ್ಟಿನ ಅಷ್ಟು ದೊಡ್ಡ ನೀರು ಕೂಡ ಸಂಜೆಗೆ ಮಲಗುವುದನ್ನು ನಾನು ಕಂಡಿದ್ದೆ. ನೀರು ಎಂದ ಮೇಲೆ ಹೊತ್ತು ಮುಳುಗಿದಾಗ ಸುಮ್ಮನಾಗಬೇಕು, ಅಷ್ಟೇ. ಸಮುದ್ರಕ್ಕೆ ಬೇರೆ ಕಾನೂನು ಇದ್ದೀತು ಎಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಆಮೇಲೆ, ಕೆಂಪು ಶಾಯಿ ಒಣಗಿದ ಮೇಲೆ. ಫೋನಿನಲ್ಲಿ ಹುಡುಕಬಹುದಿತ್ತು. ಎರಡು ಸಲ ಕೈಗೆ ತೆಗೆದುಕೊಂಡು ಕೆಳಗಿಟ್ಟೆ. ಉತ್ತರ ಸರಿಯೋ ತಪ್ಪೋ ಫೋನು ಹೇಳುತ್ತಿತ್ತು, ಆದರೆ "ನೋಡಿದೀನಿ" ಎಂದ ಮಾತನ್ನು ಯಾವ ಫೋನು ತಾನೇ ನಿಜ ಮಾಡೀತು? ದಸರಾ ರಜೆ ಮುಗಿಯುವುದರೊಳಗೆ ಸಮುದ್ರ ನೋಡಿಬಿಟ್ಟರೆ ಆ ಮಾತಾದರೂ ನಿಜವಾಗುತ್ತದೆ, ಆ ಹುಡುಗಿಯ ಮುಖವನ್ನು ನೆಟ್ಟಗೆ ನೋಡಬಹುದು ಎಂದು ಲೆಕ್ಕ ಹಾಕಿದೆ. ಮಂಗಳೂರಿನಲ್ಲಿ ಅರ್ಧ ದಿನಕ್ಕೆ ಒಂದು ಕಾರು ಗೊತ್ತು ಮಾಡಿದೆ: ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ, ನಮಗೆ ಮಾತ್ರ. ನಮಗೆ ಎಂದರೆ ನನಗೆ ಮತ್ತು ಅವ್ವನಿಗೆ.

ಅವ್ವನಿಗೆ ಎಪ್ಪತ್ತು ದಾಟಿದೆ. ಮೊನ್ನೆ ಮೊನ್ನೆಯವರೆಗೂ ಕುರಿ ಹಿಂದೆ ಹೋಗುತ್ತಿದ್ದವಳು. ಮಂಗಳೂರಿನ ಸೆಕೆಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದಳು. ಯಾಕೆ ಎಂದರೆ, "ಕುಂತ್ಕಳಾಕೆ" ಎಂದಳು. ಕೈಯಲ್ಲಿ ಬೇಯಿಸಿದ ಶೇಂಗಾದ ಚೀಲ.

ಕಾರಿನ ಡ್ರೈವರ್ ಐವತ್ತರ ಆಸುಪಾಸಿನ, ಮಾತು ಬಲ್ಲ ಮನುಷ್ಯ. ನಾವು ಹತ್ತಿ ಕೂರುತ್ತಿದ್ದ ಹಾಗೇ ಕೇಳಿದ: "ಮಂಗಳೂರಿಗೆ ಮೊದಲು ಬಂದದ್ದುಂಟಾ ಮೇಡಂ?"

ನನ್ನ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. "ಹೂಂ, ಬಂದಿದ್ದೀನಿ" ಎಂದೆ.

"ಹಾಗಾದರೆ ಬೀಚ್ ಎಲ್ಲ ನೋಡಿ ಆಗಿರಬೇಕು."

"ಆಗಿದೆ."

ಅವ್ವ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಶೇಂಗಾ ಬಿಡಿಸುತ್ತ ಕಿಟಕಿಯ ಕಡೆ ತಿರುಗಿದಳು. ಡ್ರೈವರ್ ಮಾತ್ರ ಬಹಳ ಉತ್ಸಾಹದಿಂದ, "ಒಳ್ಳೆಯದಾಯಿತು. ಎಲ್ಲರಿಗೂ ಬೀಚ್ ಬೀಚ್ ಅಂತ ಅದೊಂದೇ. ನಿಮಗೆ ನಾನು ಬೇರೆಯೇ ತೋರಿಸ್ತೇನೆ" ಎಂದು ಗಾಡಿಯನ್ನು ಊರೊಳಕ್ಕೆ ತಿರುಗಿಸಿದ.

ಸಮುದ್ರಕ್ಕೆಂದೇ ಬಂದವಳ ಪಟ್ಟಿಯಿಂದ ಸಮುದ್ರವೇ ಅಳಿಸಿಹೋಗಿತ್ತು, ಅದೂ ನನ್ನ ಬಾಯಿಂದಲೇ. ಸ್ವಲ್ಪ ಹೊತ್ತು ಬಿಟ್ಟು ಉಪಾಯ ಹೂಡಿದೆ. "ನಮ್ಮವ್ವ ನೋಡಿಲ್ಲ. ಅವಳಿಗೋಸ್ಕರ ಒಂದು ಸಲ ಹೋಗಿ ಬರಬಹುದಲ್ಲ."

ಅವ್ವ ಅದೆಷ್ಟು ಹೊತ್ತಿನಿಂದ ಕಾದಿದ್ದಳೋ. "ನಂಗೇನೂ ಬ್ಯಾಡಪ್ಪ" ಎಂದಳು ಡ್ರೈವರನಿಗೆ. "ನನ್ ಮಗಳು ನೋಡ್ಯಾಳಲ್ಲ, ಆಕೆ ಬಾಯಾಗೆ ಕೇಳಿದ್ರೆ ನಾನು ನೋಡ್ದಂಗೇ. ನೀನು ಬ್ಯಾರೆ ಏನೈತೋ ತೋರ್ಸು."

ಹೆತ್ತ ತಾಯಿ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಕದ್ರಿ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಗುಡ್ಡದಿಂದ ಇಳಿದು ಬರುವ ನೀರನ್ನು ಕಂಡು ಅವ್ವ ಕೈಮುಗಿದು, ಕುಡಿದು, ಮುಖ ತೊಳೆದು, ಇಷ್ಟು ನೀರನ್ನು ಸುಮ್ಮನೆ ಹರಿಯಲು ಬಿಟ್ಟಿದ್ದಾರಲ್ಲ ಎಂದು ಅಲ್ಲಿದ್ದವರನ್ನೆಲ್ಲ ವಿಚಾರಿಸಿಕೊಂಡಳು. ಆಮೇಲೆ ಒಂದು ಹಳೆಯ ಚರ್ಚು. ಅಲ್ಲಿ ಗೋಡೆಯ ಮೇಲಿನ ಚಿತ್ರದಲ್ಲಿ ಉದ್ದ ಅಂಗಿಯ ದೇವರು ಕುರಿಮರಿಯೊಂದನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಅವ್ವ ಅದರ ಮುಂದೆ ಕಂಬಳಿ ಹಾಸಿ ಕುಳಿತೇಬಿಟ್ಟಳು. "ಇವ್ನು ನಮ್ಮೋನೇ ಕಣೇ. ಮರಿ ಕಾಲು ಹೆಂಗ್ ಹಿಡ್ದಾನೆ ನೋಡು, ಗೊತ್ತಿದ್ದೋನು ಹಿಡಿಯಾದೇ ಹಂಗೆ" ಎಂದಳು. ಆಮೇಲೆ ಚಿತ್ರದಲ್ಲಿದ್ದ ಒಂದೊಂದು ಕುರಿಯನ್ನೂ ದಿಟ್ಟಿಸಿ, ಮೂಲೆಯಲ್ಲಿದ್ದ ಒಂದಕ್ಕೆ ಹುಷಾರಿಲ್ಲ, ಕಿವಿ ಜೋತುಬಿದ್ದಿದೆ ಎಂದು ಡ್ರೈವರನಿಗೆ ತೋರಿಸಿದಳು. ಅವನು ಎಷ್ಟು ವರ್ಷದಿಂದ ಆ ಚಿತ್ರವನ್ನು ಜನರಿಗೆ ತೋರಿಸುತ್ತಿದ್ದನೋ, ಹತ್ತಿರ ಹೋಗಿ ಬಗ್ಗಿ ನೋಡಿ, "ಹೌದಲ್ಲ ಮಾರಾಯ್ರೆ" ಎಂದ.

ಅವರಿಬ್ಬರಿಗೂ ಅಲ್ಲಿಂದ ದೋಸ್ತಿ ಕುದುರಿತು. ಶೇಂಗಾದ ಚೀಲ ಮುಂದಿನ ಸೀಟಿಗೆ ಹೋಯಿತು. ಮಾರ್ಕೆಟ್ಟಿನಲ್ಲಿ ಅವ್ವ ಮಲ್ಲಿಗೆ ಕೊಂಡು ಮುಡಿದಳು, ಮೀನಿನ ರಾಶಿಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಪ್ರತಿಯೊಂದರ ಹೆಸರು ಕೇಳಿದಳು. ಒಂದು ಅಂಗಡಿಯಲ್ಲಿ ಉದ್ದ ಗ್ಲಾಸಿನ ತುಂಬ ಹಣ್ಣು, ಜೆಲ್ಲಿ, ಮೂರು ಬಣ್ಣದ ಐಸ್‌ಕ್ರೀಂ ಹಾಕಿ ಕೊಟ್ಟರು. ಅದರ ತಳ ಕಾಣುವವರೆಗೂ ಅವಳು ಯಾರ ಜೊತೆಯೂ ಮಾತಾಡಲಿಲ್ಲ. ನಾನು ಗೋಡೆಯ ಗಡಿಯಾರ ನೋಡುತ್ತ ಕುಳಿತಿದ್ದೆ. ನನ್ನ ಗ್ಲಾಸಿನಲ್ಲಿದ್ದದ್ದು ಕರಗಿ ನೀರಾಯಿತು. ಇದೇ ಊರಿನಲ್ಲಿ, ಯಾವುದೋ ಬೀದಿಯ ಕೊನೆಯಲ್ಲಿ ಸಮುದ್ರ ಇದೆ, ನಾನು ಇಲ್ಲಿ ಚಮಚ ಹಿಡಿದು ಕುಳಿತಿದ್ದೇನೆ.

ಮತ್ತೆ ಕಾರು ಹತ್ತಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. "ಇನ್ನೂ ಒಂದು ಗಂಟೆ ಉಂಟು" ಎಂದ ಡ್ರೈವರ್. "ಹಳೆಯ ಹಂಚಿನ ಕಾರ್ಖಾನೆ ಒಂದು ಉಂಟು. ಯಾರೂ ನೋಡುವುದಿಲ್ಲ, ನಿಮಗೆ ತೋರಿಸ್ತೇನೆ."

ಹಂಚು. ನಮ್ಮ ಶಾಲೆಯ ಮೇಲೆ ಇರುವುದೂ ಹಂಚೇ. ನನ್ನ ತಾಳ್ಮೆ ಅಲ್ಲಿಗೆ ತೀರಿತು.

"ಗಾಡಿ ನಿಲ್ಲಿಸ್ರಿ" ಎಂದೆ. ಅವನು ಗಾಬರಿಯಾಗಿ ಪಕ್ಕಕ್ಕೆ ತಂದು ನಿಲ್ಲಿಸಿದ. "ನಾನು ಸಮುದ್ರ ನೋಡಿಲ್ಲ. ಮಂಗಳೂರಿಗೂ ಬಂದಿಲ್ಲ. ಬೆಳಿಗ್ಗೆ ನಿಮಗೆ ಸುಳ್ಳು ಹೇಳಿದೆ. ನಮ್ಮ ಸ್ಕೂಲಿನ ಮಕ್ಕಳಿಗೂ ಸುಳ್ಳು ಹೇಳಿದ್ದೀನಿ."

ಒಂದೇ ಉಸಿರಿನಲ್ಲಿ ಅಷ್ಟನ್ನೂ ಹೇಳಿ ಮುಗಿಸಿದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಷ್ಟಕ್ಕೆ ಅಳುವುದು ಯಾಕೆ ಮೇಡಂ?" ಎಂದ. ಅಳುತ್ತಿದ್ದೇನೆ ಎಂದು ಗೊತ್ತಾದದ್ದು ಆಗಲೇ.

ಅವ್ವ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. "ಬಂತಲ್ಲ ನಿಜ ಬಾಯಿಗೆ" ಎಂದು, ಡ್ರೈವರನ ಭುಜ ತಟ್ಟಿ, "ಈಗ ಹೋಗಾಣ ನಡಿಯಪ್ಪ. ಬಿರ್ನೆ" ಎಂದಳು.

ಅವನು ಗಾಡಿ ಓಡಿಸಿದ ರೀತಿಯನ್ನು ನಾನು ಇಲ್ಲಿ ಬರೆಯಬಾರದು. ಪಣಂಬೂರು ಬೀಚಿನಲ್ಲಿ ಇಳಿದಾಗ ಒಂದು ಎಲೆಯೂ ಅಲುಗುತ್ತಿರಲಿಲ್ಲ, ಅಂಥ ಬಿಸಿಲು, ಅಂಥ ಸೆಕೆ. ಗಾಳಿ ಎಂಬುದೇ ಇಲ್ಲ. ಮರಳು ದಿಬ್ಬ ದಾಟುವ ಮೊದಲೇ ಸದ್ದು ಕೇಳಿಸಿತು. ಆಮೇಲೆ ಕಂಡಿತು.

ನನಗೆ ನಗು ಬಂತು. ಹೇಳಲು ನಾಚಿಕೆ, ಆದರೆ ಬಂದದ್ದು ನಗುವೇ. ಕೈ ಕಾಲೆಲ್ಲ ಹಗುರಾಗಿ, ಚಪ್ಪಲಿ ಎಲ್ಲಿ ಬಿಟ್ಟೆನೋ ತಿಳಿಯದೆ ಓಡಿದೆ. ಮೊಣಕಾಲವರೆಗೆ ನೀರು ಬಂದು ಬಡಿಯಿತು, ಸೀರೆ ನೆನೆಯಿತು, ಕಾಲಡಿಯ ಮರಳು ಸರಿದು ನಾನು ಜೋಲಿ ತಪ್ಪಿ ಕುಕ್ಕರಿಸಿದೆ. ನಮ್ಮ ಶಾಲೆಯವರು ಯಾರಾದರೂ ನೋಡಿದ್ದರೆ ನನ್ನ ಮರ್ಯಾದೆ ಅಲ್ಲೇ ಮುಗಿಯುತ್ತಿತ್ತು. ಉಪ್ಪುನೀರು ಬಾಯಿಗೆ ಹೋಯಿತು. ಇದು ಪುಸ್ತಕದಲ್ಲಿತ್ತು, ಸಮುದ್ರದ ನೀರು ಉಪ್ಪು ಎಂದು ನಾನೇ ಎಷ್ಟು ಸಲ ಬರೆಸಿದ್ದೆ. ಆದರೂ ಇಷ್ಟೊಂದು ಉಪ್ಪು ಎಂದು ಯಾರೂ ನನಗೆ ಹೇಳಿರಲಿಲ್ಲ.

ತಿರುಗಿ ನೋಡಿದರೆ ಅವ್ವ ಒಣ ಮರಳಿನ ಅಂಚಿನಲ್ಲೇ ನಿಂತಿದ್ದಾಳೆ. ಸೀರೆಯನ್ನು ಮೇಲೆತ್ತಿ ಕಟ್ಟಿದ್ದಾಳೆ, ಚಪ್ಪಲಿ ಬಿಟ್ಟಿದ್ದಾಳೆ, ಆದರೆ ಇಳಿಯುತ್ತಿಲ್ಲ. ಕರೆದೆ. "ತಡಿಯೇ" ಎಂದು ಕೈ ತೋರಿಸಿದಳು. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಅವಳು ಅಲ್ಲೇ ನಿಂತು ನೀರನ್ನೇ ನೋಡುತ್ತಿದ್ದಳು. ಡ್ರೈವರ್ ಹತ್ತಿರ ಬಂದು, "ಯಾರಿಗೆ ಕಾಯುವುದು ಅಮ್ಮ?" ಎಂದು ಕೇಳಿದ.

"ನೀರು ನಿಲ್ಲಾಕೆ ಕಾಯ್ತಿದೀನಪ್ಪ. ಗಾಳಿ ಬಿದ್ದೈತಲ್ಲ, ಇನ್ನೇನು ನಿಲ್ತೈತೆ. ನಿಂತ ಮ್ಯಾಲೆ ಇಳೀತೀನಿ."

"ಅದು ನಿಲ್ಲುವುದಿಲ್ಲ ಅಮ್ಮ."

"ಹೊತ್ತು ಮುಳುಗಿದ ಮ್ಯಾಲೆ?"

"ರಾತ್ರಿಯೂ ಇಲ್ಲ. ನಮ್ಮ ಮನೆ ಇಲ್ಲೇ ಹತ್ತಿರ. ನಾನು ಹುಟ್ಟಿದಾಗಿನಿಂದ ನಿಂತದ್ದು ನೋಡಿಲ್ಲ, ನನ್ನ ಅಜ್ಜನೂ ನೋಡಿಲ್ಲ."

ನಾನು ಒದ್ದೆ ಸೀರೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡೆ. ಕೇಳುವ ಅಗತ್ಯವೂ ಇರಲಿಲ್ಲ. ಗಾಳಿ ಸತ್ತುಬಿದ್ದಿದ್ದ ಆ ನಡುಹಗಲಿನಲ್ಲಿ ಅಲೆಗಳು ಒಂದರ ಹಿಂದೆ ಒಂದು ನನ್ನ ಕಾಲಿಗೆ ಬಡಿಯುತ್ತಲೇ ಇದ್ದವು. ಸಮುದ್ರವನ್ನು ನೋಡಿ "ನೋಡಿದೀನಿ" ಎಂಬ ಮಾತನ್ನು ನಿಜ ಮಾಡಿಕೊಳ್ಳಲು ಬಂದಿದ್ದೆ. ನೋಡಿದ ಮೇಲೆ, ಸಮುದ್ರ ಮಲಗುತ್ತೆ ಎಂದ ಉತ್ತರವೂ ತಪ್ಪು ಎಂದು ಗೊತ್ತಾಯಿತು. ವಿಚಿತ್ರ ಎಂದರೆ ನನಗೆ ಬೇಸರವಾಗಲಿಲ್ಲ. ಅವ್ವ ಇನ್ನೂ ಒಂದು ನಿಮಿಷ ಯೋಚಿಸಿ, "ಹಂಗಾದ್ರೆ ಇದು ಕುರಿಗೆ ಕುಡಿಸಾ ನೀರಲ್ಲ" ಎಂದು ತೀರ್ಮಾನ ಕೊಟ್ಟು, ಡ್ರೈವರನ ಕೈ ಹಿಡಿದುಕೊಂಡು ಇಳಿದಳು. ಮೊದಲ ಅಲೆ ಬಂದಾಗ ಅವಳು ಹಾಕಿದ ಕೇಕೆಗೆ ದೂರದಲ್ಲಿ ಮಕ್ಕಳಿಗೆ ಒಂಟೆ ಸವಾರಿ ಮಾಡಿಸುತ್ತಿದ್ದವನೂ ತಿರುಗಿ ನೋಡಿದ. ಒಂದು ಗಂಟೆಗೆ ಮುಗಿಯಬೇಕಿದ್ದ ಪ್ರವಾಸ ಎರಡಕ್ಕೆ ಮುಗಿಯಿತು. ಡ್ರೈವರ್ ಹೆಚ್ಚಿನ ಬಾಡಿಗೆ ಕೇಳಲಿಲ್ಲ.

ಶಾಲೆ ಶುರುವಾದ ದಿನ ಹಾಜರಿ ಮುಗಿಸಿ, ಆ ಹುಡುಗಿಯನ್ನು ನೋಟ್‌ಪುಸ್ತಕದ ಸಮೇತ ಕರೆದೆ. ಅವಳು ಹೆದರಿಕೊಂಡೇ ಬಂದಳು. ಪುಟ ತೆಗೆಸಿ, ನನ್ನ ಸರಿ ಗುರುತಿನ ಮೇಲೆ ನಾನೇ ಅಡ್ಡಗೆರೆ ಎಳೆದೆ.

"ಸಮುದ್ರ ರಾತ್ರಿನೂ ಮಲಗಲ್ಲ. ನಾನು ಹೇಳಿಕೊಟ್ಟಿದ್ದು ತಪ್ಪು" ಎಂದೆ, ಇಡೀ ತರಗತಿಗೆ ಕೇಳುವ ಹಾಗೆ. ಅಷ್ಟು ಸುಲಭವಾಗಿ ಬಂತು. ಮುಂದಿನದಕ್ಕೆ ಮೇಜು ಹಿಡಿದುಕೊಳ್ಳಬೇಕಾಯಿತು. "ಆವತ್ತು ನಾನು ನೋಡಿದೀನಿ ಅಂದೆ. ನೋಡಿರಲಿಲ್ಲ. ಸುಳ್ಳು ಹೇಳಿದೆ."

ಹುಡುಗಿ ತನ್ನ ಪುಸ್ತಕವನ್ನೂ ನನ್ನ ಮುಖವನ್ನೂ ನೋಡಿದಳು.

"ನಮಗೆ ಗೊತ್ತಿತ್ತು ಮಿಸ್" ಎಂದಳು.

"ಏನು ಗೊತ್ತಿತ್ತು?"

"ನೀವು ನೋಡಿಲ್ಲ ಅಂತ. ನೀವು ಬೋರ್ಡಿನ ಮ್ಯಾಲೆ ಸಮುದ್ರ ಬರೆದಾಗೆಲ್ಲ ಆಚೆ ದಡದಾಗೆ ಒಂದು ಗುಡ್ಡ ಬರೀತೀರಿ. ಫೋನಿನಾಗೆ ನೋಡಿದ್ರೆ ಗುಡ್ಡನೇ ಇರಲ್ಲ."

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ನನ್ನ ಕಿವಿಯೆಲ್ಲ ಬಿಸಿಯಾಯಿತು. ವರ್ಷ ವರ್ಷವೂ ಒಂದೊಂದು ತರಗತಿಗೆ ಬರೆದುಕೊಟ್ಟ ಮಾರಿಕಣಿವೆಯ ಗುಡ್ಡಗಳು ಅವು. "ಮತ್ತೆ ಯಾಕೆ ಹೇಳಲಿಲ್ಲ?" ಎಂದೆ. ದನಿ ನನಗೇ ಗದರಿದ ಹಾಗೆ ಕೇಳಿಸಿತು.

ಅವಳು ತಲೆ ತಗ್ಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲ ಗೀರುತ್ತ ಹೇಳಿದಳು: "ನೀವು ಬೇಜಾರು ಮಾಡ್ಕಂತೀರಿ ಅಂತ, ಎಲ್ರೂ ಮಾತಾಡ್ಕಂಡು ಸುಮ್ಕಿದ್ವಿ ಮಿಸ್."